ಕಿನ್ನಿಗೆ ನಾನು ಬಡಿಸಿದ ಅನ್ನ

ಗಾಂಧೀಜಿ ತೀರಿಹೋದ ವರ್ಷ ಬಂದ ಮೊದಲ ಜಯಂತಿಗೆ ಶಾಲೆಯಲ್ಲಿ ದೊಡ್ಡ ಸಭೆ ಮಾಡಲೇಬೇಕೆಂದು ನನ್ನ ಗಂಡ ಹಟ ಹಿಡಿದರು. ಅವರು ಬಂದ್ಯೋಡಿನ ಹತ್ತಿರದ ಒಂದು ಶಾಲೆಗೆ ಹೆಡ್ಮಾಸ್ತರು. ಹರಿನಾರಾಯಣ ಮಾಸ್ತರರೆಂದರೆ ಮಂಗಲ್ಪಾಡಿಯಲ್ಲಿ ಗೊತ್ತಿಲ್ಲದವರಿಲ್ಲ. ಖಾದಿ ಉಡುವವರು, ಭಾಷಣಕ್ಕೆ ನಿಂತರೆ ಗಂಟೆ ನೋಡದವರು. ಈ ಸಲ ತಮ್ಮ ಭಾಷಣ ಸಾಲದು, ಅಸ್ಪೃಶ್ಯತೆಯ ಕಷ್ಟ ಉಂಡವರೇ ಬಂದು ಮನಸ್ಸು ಬಿಚ್ಚಿ ಮಾತಾಡಬೇಕು, ನಾವು ಬಾಯಿ ಮುಚ್ಚಿ ಕೇಳಬೇಕು ಎಂದರು.

"ಕೊರಗರ ಕಿನ್ನಿಯನ್ನು ಕರೆಸುವ. ನಿನಗೆ ಗುರ್ತ ಉಂಟಲ್ಲ, ನೀನೇ ಹೇಳು ವಸುಮತಿ," ಎಂದರು.

ಗುರ್ತ ಇಲ್ಲದೆ ಏನು. ಬುಟ್ಟಿ ಹೆಣೆದು ತಂದು ಅಂಗಳದ ಆಚೆ ಇಟ್ಟು, ನಾವು ಅಕ್ಕಿ ಹಾಕಿದ ಮೇಲೆ ಬಂದು ಎತ್ತಿಕೊಂಡು ಹೋಗುವವಳು. ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಆದರೆ ಅವಳು ಮನಸ್ಸು ಬಿಚ್ಚಿದರೆ ಮೊದಲು ಹೊರಗೆ ಬೀಳುವುದು ನನ್ನ ಹೆಸರೇ ಎಂದು ನನಗೆ ಗೊತ್ತಿತ್ತು. ಅದು ಗಂಡನಿಗೆ ಗೊತ್ತಿರಲಿಲ್ಲ. ಅವರು ಆ ಕಾಲದಲ್ಲಿ ಮಂಗಳೂರಿನಲ್ಲಿ ಟ್ರೈನಿಂಗಿನಲ್ಲಿದ್ದರು.

ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಯೇ ತೀರಬೇಕು.

ನನಗೆ ಮೊದಲು ಹುಟ್ಟಿದ ಎರಡು ಮಕ್ಕಳು ತಿಂಗಳು ತುಂಬುವುದರೊಳಗೆ ಹೋದವು. ಮೂರನೆಯ ಸಲ ಬಸುರಾದಾಗ ಅತ್ತೆ, "ಇನ್ನು ನೋಡುತ್ತ ಕೂತರೆ ಆಗುವುದಿಲ್ಲ, ಅಜಲು ಮಾಡಿಸುವ," ಎಂದರು. ಅಜಲು ಎಂದರೆ ಏನೆಂದು ನಮ್ಮ ಕಡೆಯವರಿಗೆ ಗೊತ್ತು. ಬಸುರಿಯ ಕೂದಲು, ಉಗುರು ಕತ್ತರಿಸಿ ಅನ್ನದಲ್ಲಿ ಕಲಸುವುದು. ಅದನ್ನು ಕೊರಗರಿಗೆ ಉಣ್ಣಿಸುವುದು. ಬಸುರಿಗೆ ಬರಬೇಕಾದ ಕೇಡು ಉಂಡವರ ಮೈಗೆ ಹೋಗುತ್ತದೆ ಎಂದು ನಂಬಿಕೆ. ನನ್ನ ಮಗು ಉಳಿಯಬೇಕಾದರೆ ಇನ್ನೊಬ್ಬರ ಹೊಟ್ಟೆಯೊಳಗೆ ಅದರ ಮೃತ್ಯುವನ್ನು ತುರುಕಬೇಕು, ಅಷ್ಟೆ.

ಬೇಡ ಎಂದು ನಾನು ಅನ್ನಲಿಲ್ಲ. ಅತ್ತೆಯ ಕೈಗೆ ಕತ್ತರಿ ತಂದುಕೊಟ್ಟವಳು ನಾನೇ.

ಕಿನ್ನಿಯನ್ನು ಕರೆಸಿದರು. ಅಂಗಳದ ತುದಿಯಲ್ಲಿ ಕೂರಿಸಿದರು. ಬಸುರಿಯೇ ಬಡಿಸಬೇಕಂತೆ, ಬಡಿಸಿದೆ. ತಾಗದ ಹಾಗೆ ಎತ್ತರದಿಂದ ಎಲೆಗೆ ಹಾಕಿದ ಅನ್ನ ಅರ್ಧ ಮಣ್ಣಿಗೆ ಬಿತ್ತು. ಅವಳು ತಲೆ ಬಗ್ಗಿಸಿ ಉಂಡಳು. ಕೊನೆಯ ಅಗುಳಿನವರೆಗೂ ನಿಂತು ನೋಡು ಎಂದು ಹೇಳಿ ಅತ್ತೆ ಒಳಗೆ ಹೋದರು. ನಾನು ನೋಡುತ್ತ ನಿಂತೆ. ನಡುವೆ ಒಂದು ಸಲ ಅವಳು ಬಾಯಿಂದ ಉದ್ದದ ಕೂದಲೊಂದನ್ನು ಎಳೆದು ತೆಗೆದು ಎಲೆಯ ಬದಿಗೆ ಇಟ್ಟಳು.

"ಅದನ್ನೂ ತಿನ್ನು," ಎಂದೆ.

ಅತ್ತೆ ಅಲ್ಲಿರಲಿಲ್ಲ. ಹಾಗೆ ಹೇಳು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಒಂದು ಕೂದಲು ಹೊರಗೆ ಉಳಿದರೆ ಅಷ್ಟು ಕೇಡು ನನ್ನ ಹೊಟ್ಟೆಯಲ್ಲೇ ಉಳಿದೀತು ಎಂಬ ಹೆದರಿಕೆ ನನಗೆ. ಅವಳು ಕೂದಲನ್ನು ಅನ್ನದೊಳಗೆ ಸುತ್ತಿ ನುಂಗಿದಳು. ನಾಲ್ಕು ತಿಂಗಳಿಗೆ ಈಶ್ವರಿ ಹುಟ್ಟಿದಳು, ಗಟ್ಟಿಯಾಗಿ ಉಳಿದಳು. ಈಗ ಅವಳಿಗೆ ಹತ್ತು ವರ್ಷ. ಅವಳ ಪ್ರತಿ ಹುಟ್ಟುಹಬ್ಬಕ್ಕೂ ನನಗೆ ಆ ಕೂದಲು ನೆನಪಾಗುತ್ತದೆ.

ಅಂಥ ಕಿನ್ನಿಯನ್ನು ಸಭೆಗೆ ಕರೆಯಲು ನಾನೇ ಅವರ ಕೊಪ್ಪಕ್ಕೆ ಹೋದೆ. ಗುಡ್ಡದ ಬದಿಯಲ್ಲಿ ಸೊಪ್ಪು ಹೊದೆಸಿದ ನಾಲ್ಕು ಗುಡಿಸಲು. ಅವಳ ಗಂಡ ಕುಂಞ ನನ್ನನ್ನು ಕಂಡವನೇ ದಾರಿ ಬಿಟ್ಟು ಪೊದೆಗೆ ಇಳಿದು ನಿಂತ. ಮಗಳು ತುಕ್ರು ಆರು ತಿಂಗಳ ಬಸುರಿ, ಬುಟ್ಟಿ ಹೆಣೆಯಲು ಕಾಡುಬಳ್ಳಿಯ ಬೀಳು ಸೀಳುತ್ತ ಕೂತಿದ್ದಳು.

"ಸಭೆಯಲ್ಲಿ ನಾನು ಎಂತ ಹೇಳುವುದು ಅಮ್ಮ?" ಎಂದು ಕಿನ್ನಿ ಕೇಳಿದಳು.

"ನಿನಗೆ ಆದದ್ದನ್ನು ಹೇಳು," ಎಂದೆ.

ಸಭೆಗೆ ಜನ ಸೇರಿತ್ತು. ಕಾಸರಗೋಡಿನ ವಕೀಲ ಭುಜಂಗರಾಯರು ಅಧ್ಯಕ್ಷರು. ಕೊರಗರು ಏಳೆಂಟು ಮಂದಿ ಬಂದು, ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಬಾಗಿಲ ಹೊರಗೇ ಕುಕ್ಕರಗಾಲಲ್ಲಿ ಕೂತರು. ನನ್ನ ಗಂಡ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ, "ಈಗ ಕಿನ್ನಿಯವರು ಎರಡು ಮಾತು ಹೇಳಬೇಕು," ಎಂದರು. ಕಿನ್ನಿ ಹಿಂದೆ ತಿರುಗಿ ನೋಡಿದಳು, ಆ ಹೆಸರಿನ ಬೇರೆ ಯಾರೋ ದೊಡ್ಡವರು ಬಂದಿದ್ದಾರೆಂದು. ಜನ ನಕ್ಕರು. ನಾನೂ ನಕ್ಕೆ.

ಅವಳು ಎದ್ದು ನಿಂತಳು.

"ನಮಗೆ ಎಂತ ಕಷ್ಟ ಸ್ವಾಮಿ," ಎಂದಳು. "ಊರಿನವರು ಒಳ್ಳೆಯವರು. ಬುಟ್ಟಿಗೆ ಅಕ್ಕಿ ಕೊಡ್ತಾರೆ. ಮಾಸ್ಟ್ರ ಮನೆಯ ಅಮ್ಮ ಹಬ್ಬಕ್ಕೆ ಹಳೆ ಸೀರೆ ಕೊಡ್ತಾರೆ." ಅಷ್ಟು ಹೇಳಿ ಕೂತುಬಿಟ್ಟಳು.

ಬದುಕಿದೆ ಎಂದುಕೊಂಡೆ. ನಿಜವಾಗಿ ಬಂದ ಮೊದಲ ಯೋಚನೆ ಅದೇ. ಆದರೆ ಇವರ ಮುಖ ಬಾಡಿತ್ತು. ಭುಜಂಗರಾಯರು ಕೆಮ್ಮಿದರು. ಹೆಂಗಸರ ಸಾಲಿನಲ್ಲಿ ಲೋಲಾಕ್ಷಿ ಟೀಚರು ನನ್ನ ಕಿವಿಯಲ್ಲಿ, "ನೋಡಿ, ಅವರಿಗೇ ಇಲ್ಲದ ಬೇಜಾರು ನಿಮ್ಮ ಯಜಮಾನರಿಗೆ," ಎಂದು ಕಿಸಕ್ಕನೆ ನಕ್ಕರು. ಅದು ಕೇಳಿ ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಎದ್ದು ನಿಂತೆ.

ಎಲ್ಲ ಹೇಳಿದೆ. ಸತ್ತ ಮಕ್ಕಳಿಂದ ಹಿಡಿದು ಕೂದಲು ಕಲಸಿದ ಅನ್ನದವರೆಗೆ. ಈಶ್ವರಿ ಮುಂದಿನ ಸಾಲಿನಿಂದ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಕಂಡೆನೋ ಇಲ್ಲವೋ, ಆ ಒಂದು ಮಾತಿಗೆ ಬಂದಾಗ ನನ್ನ ನಾಲಗೆ ತಾನಾಗಿ ಹೊರಳಿತು.

"ಕಿನ್ನಿ ಒಂದು ಕೂದಲು ತೆಗೆದು ಬದಿಗಿಟ್ಟಳು. ಅತ್ತೆ ಅದನ್ನೂ ತಿನ್ನು ಎಂದರು," ಎಂದೆ.

ಬಾಗಿಲ ಹೊರಗಿನಿಂದ ಕಿನ್ನಿ ತಲೆ ಎತ್ತಿದಳು. ನನ್ನನ್ನು ಒಮ್ಮೆ ನೋಡಿ ಮತ್ತೆ ನೆಲ ನೋಡಿದಳು.

ಜನ ಚಪ್ಪಾಳೆ ತಟ್ಟಿದರು. ಭುಜಂಗರಾಯರು ಕಣ್ಣು ಒರೆಸಿಕೊಂಡು, ಈ ತಾಯಿಯ ಧೈರ್ಯ ಊರಿಗೆ ದಾರಿದೀಪ ಎಂದರು. ಲೋಲಾಕ್ಷಿ ಟೀಚರು ನನ್ನ ಕೈ ಹಿಡಿದುಕೊಂಡರು. ಇವರ ಮುಖ ಅರಳಿತ್ತು. ನನಗೂ, ಸುಳ್ಳು ಹೇಳಬಾರದು, ಒಳಗೆ ಹಿತವಾಗಿತ್ತು. ಹೊಗಳಿಕೆಯ ಗದ್ದಲದಲ್ಲಿ ಕೊರಗರು ಯಾವಾಗ ಎದ್ದು ಹೋದರೆಂದು ಯಾರೂ ನೋಡಲಿಲ್ಲ.

ಸುದ್ದಿ ನಮಗಿಂತ ಮೊದಲೇ ಮನೆಗೆ ಬಂದು ಅತ್ತೆಯ ಕಿವಿ ಮುಟ್ಟಿತ್ತು. ಅವರು ಕೂಗಾಡಲಿಲ್ಲ. "ನಾನು ಒಳಗೆ ಇದ್ದೆ ವಸುಮತಿ. ನನಗೆ ನೆನಪುಂಟು," ಎಂದಷ್ಟೇ ಹೇಳಿದರು. ಇನ್ನಷ್ಟು ಒಳ್ಳೆಯವಳಾಗಿ ಆ ಸುಳ್ಳನ್ನು ಮುಚ್ಚಿಬಿಡುವ ಎಂದು ನನಗೆ ತೋರಿತು. ಕಿನ್ನಿಯನ್ನೂ ಬಸುರಿ ಮಗಳನ್ನೂ ಮನೆಗೆ ಊಟಕ್ಕೆ ಕರೆಯುತ್ತೇನೆ, ಜೊತೆಯಲ್ಲಿ ಕೂತು ಉಣ್ಣುತ್ತೇನೆ ಎಂದೆ. ಇವರು ಖುಷಿಯಲ್ಲಿ ಕುಣಿದರು. ಅತ್ತೆ ಬಟ್ಟೆ ಗಂಟು ಕಟ್ಟಿಕೊಂಡು ಅಲ್ಲೇ ಹತ್ತಿರ ಅನಂತಪುರದಲ್ಲಿದ್ದ ತಮ್ಮನ ಮನೆಗೆ ಹೊರಟರು. ಹೊಸ್ತಿಲು ದಾಟುವಾಗ, "ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನಗೆ ಮೈ ಉರಿಯಿತು.

ಮುಂದಿನ ಆದಿತ್ಯವಾರ ತಾಯಿ ಮಗಳು ಬಂದರು. ಅಡಿಗೆ ನಾನೇ ಮಾಡಿದ್ದೆ. ಬೆಳ್ತಿಗೆ ಅನ್ನ, ಸೌತೆಕಾಯಿ ಹುಳಿ, ಎರಡು ಪಲ್ಯ, ಹೆಸರುಬೇಳೆ ಪಾಯಸ. ನಡುಮನೆಯಲ್ಲಿ ಕೂರಿಸಬೇಕೆಂದು ಬೆಳಿಗ್ಗೆ ಅಂದುಕೊಂಡಿದ್ದೆ. ಎಲೆ ಹಾಕುವ ಹೊತ್ತಿಗೆ ಜಗಲಿ ಸಾಕು, ಗಾಳಿ ಉಂಟು ಎಂದು ಮನಸ್ಸು ಬದಲಾಯಿಸಿದ್ದೆ. ಜಗಲಿಗೆ ಹತ್ತಲೂ ಅವರು ಎಷ್ಟೋ ಹೊತ್ತು ಅನುಮಾನಿಸಿದರು. ಕೊನೆಗೆ ಸಾಲಾಗಿ ಐದು ಎಲೆ: ಇವರು, ಈಶ್ವರಿ, ನಾನು, ಕಿನ್ನಿ, ತುಕ್ರು. ಬಡಿಸಿ ಬಂದು ನಾನೂ ಕೂತೆ.

ಕಿನ್ನಿ ತನ್ನ ಎಲೆಯಿಂದ ನಾಲ್ಕು ತುತ್ತು ಬೇಗ ಬೇಗ ಉಂಡಳು. ಆಮೇಲೆ ನಿಲ್ಲಿಸಿ ಮಗಳ ಎಲೆಗೆ ಕೈ ಹಾಕಿದಳು. ತುಕ್ರು ಇನ್ನೂ ಮುಟ್ಟಿರಲಿಲ್ಲ, ತಾಯಿಯ ಮುಖ ನೋಡುತ್ತ ಕಾಯುತ್ತಿದ್ದಳು. ಕಿನ್ನಿ ಅನ್ನವನ್ನು ಎಲೆಯ ತುಂಬ ಹರಡಿದಳು. ಬೆರಳ ತುದಿಯಲ್ಲಿ ಒಂದೊಂದೇ ಅಗುಳು ಸರಿಸಿ ನೋಡತೊಡಗಿದಳು. ಪಲ್ಯ ಬಿಡಿಸಿದಳು. ಹುಳಿಯ ಹೋಳು ಒತ್ತಿ ನೋಡಿದಳು.

ಇವರು ಊಟ ನಿಲ್ಲಿಸಿದರು.

"ಅದರಲ್ಲಿ ಎಂತದೂ ಇಲ್ಲ ಕಿನ್ನಿ," ಎಂದೆ. "ನಾನೇ ಮಾಡಿದ್ದು. ನಾನೇ ಬಡಿಸಿದ್ದು."

"ಆವತ್ತೂ ನೀವೇ ಅಲ್ವಾ ಅಮ್ಮ ಬಡಿಸಿದ್ದು," ಎಂದಳು ಕಿನ್ನಿ. ಚುಚ್ಚುವ ಮಾತಾಗಿರಲಿಲ್ಲ ಅದು. ಮಳೆ ಬಂತು ಎಂದ ಹಾಗೆ ಹೇಳಿದಳು. ಮತ್ತೆ, "ಬೇಜಾರು ಮಾಡಬೇಡಿ. ಇವಳಿಗೆ ಚೊಚ್ಚಲು. ಇವಳ ಎಲೆಯಿಂದ ಒಂದು ತುತ್ತು ನೀವು ಉಂಡರೆ ಇವಳು ಉಣ್ತಾಳೆ," ಎಂದಳು.

ಒಂದು ತುತ್ತು. ಅವಳು ಕೇಳಿದ್ದು ಅಷ್ಟೇ. ನಾನು ಕೈ ಚಾಚಿದೆ. ಎಲೆಯ ಮೇಲೆ ಗೇಣು ಎತ್ತರದಲ್ಲಿ ನನ್ನ ಕೈ ನಿಂತಿತು. ಅವಳು ಬಾಯಿಗಿಟ್ಟ ಕೈಯನ್ನೇ ಆ ಅನ್ನಕ್ಕೆ ಹಾಕಿದ್ದಳು. ಎಂಜಲು, ಅದೂ ಕಿನ್ನಿಯ ಎಂಜಲು. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ನನ್ನ ಕೈ ಮುಂದೆ ಹೋಗಲಿಲ್ಲ. ನಾನು ಯೋಚಿಸಿ ನಿಲ್ಲಿಸಿದ್ದಲ್ಲ. ಯೋಚಿಸಿ ನಿಲ್ಲಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

"ಬೇರೆ ಎಲೆ ಹಾಕಿ ಬಡಿಸುವ, ಅದಕ್ಕೆಂತ," ಎಂದು ಇವರು ಅವಸರದಿಂದ ಹೇಳಿದರು. ಹತ್ತು ವರ್ಷ ಅಸ್ಪೃಶ್ಯತೆಯ ಮೇಲೆ ಭಾಷಣ ಮಾಡಿದವರು ನನಗೆ ತೋರಿಸಿದ ದಾರಿ ಅದು.

ಕಿನ್ನಿ ನನ್ನ ಕೈ ನೋಡಿದಳು. ಆಮೇಲೆ ತಾನು ಉಣ್ಣುತ್ತಿದ್ದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಮಗಳ ಮುಂದೆ ಇಟ್ಟು, ಮಗಳ ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಅದು ಉಣ್ಣು ಮಗಾ. ಅದು ನಾನು ಉಂಡು ನೋಡಿದ್ದು," ಎಂದಳು. ತುಕ್ರು ಉಣ್ಣತೊಡಗಿದಳು. ಅವಳಿಗೆ ತುಂಬ ಹಸಿವಾಗಿತ್ತು.

ಏನಾದರೂ ಇದ್ದರೆ ತನಗಿರಲಿ ಎಂದು ಕಿನ್ನಿ ಆ ಇನ್ನೊಂದು ಎಲೆಯ ಅನ್ನವನ್ನು ಕಲಸಿದಳು. ಈ ಸಲ ಯಾರೂ ಅವಳನ್ನು ಕೂರಿಸಿ ತಿನ್ನಿಸಲಿಲ್ಲ. ಮಗಳಿಗಾಗಿ ತಾನೇ ತಿಂದಳು. ಈಶ್ವರಿ ತನ್ನ ಎಲೆ ಬಿಟ್ಟು ಅವಳನ್ನೂ ನನ್ನನ್ನೂ ನೋಡುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಆ ಕೂದಲು ತಿನ್ನು ಅಂದದ್ದು ಅತ್ತೆ ಅಲ್ಲ ಕಿನ್ನಿ," ಎಂದೆ. "ನಾನು ಹೇಳಿದ್ದು. ಸಭೆಯಲ್ಲಿ ಸುಳ್ಳು ಹೇಳಿದೆ."

ಇವರ ಕೈ ಎಲೆಯ ಮೇಲೆ ಹಾಗೆಯೇ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಿನ್ನಿ ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದಳು.

"ಗೊತ್ತುಂಟಲ್ಲ ಅಮ್ಮ, ಹೇಳಿಸಿಕೊಂಡದ್ದು ನಾನಲ್ವಾ," ಎಂದಳು. "ಇವಳಿಗೆ ಸ್ವಲ್ಪ ಹುಳಿ ಹಾಕಿ."

ನಾನು ಎದ್ದು ಹುಳಿಯ ಪಾತ್ರೆ ತಂದೆ. ತುಕ್ರು ಎಲೆಯ ಮೇಲೆ ಅಡ್ಡ ಕೈ ಹಿಡಿದು ತಾಯಿಯ ಕಡೆ ನೋಡಿದಳು. ಕಿನ್ನಿ ಮೊದಲು ತನ್ನ ಎಲೆಯನ್ನು ಮುಂದೆ ಸರಿಸಿದಳು.