ಆರನೆಯ ಕಂತಿಗೇ ನಿಂತ ಕುರ್ಚಿ

ಭಾನುವಾರ ಹತ್ತು ಗಂಟೆಗೆ ಐದು ನಿಮಿಷ ಇರುವಾಗಲೇ ಅಣ್ಣ ಯಂತ್ರಗಳನ್ನೆಲ್ಲ ನಿಲ್ಲಿಸಿದ. ನಮ್ಮ ಮರಗೆಲಸದ ಶೆಡ್ಡಿನ ಮೂಲೆಯಲ್ಲಿ ಟೀವಿಗೆಂದೇ ಒಂದು ಕಪಾಟು ಮಾಡಿದ್ದೆವು. ಪುಡಿ ನುಗ್ಗದ ಹಾಗೆ ಅದಕ್ಕೆ ಗಾಜಿನ ಬಾಗಿಲು. ಪಕ್ಕದ ಅಂಗಡಿಯ ಅಂಟಪ್ಪ ತನ್ನ ಸ್ಟೂಲು ತಾನೇ ಹೊತ್ತು ತಂದ. ಎಷ್ಟೇ ಸಂದು ಬಿಟ್ಟುಕೊಂಡರೂ ಅಂಟು ಸುರಿದು ಮುಚ್ಚುತ್ತಾನೆಂದು ಅವನಿಗೆ ಆ ಹೆಸರು. ಅಣ್ಣ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಮುಂದೆ ಕೂತ. ನಾನು ಎಂದಿನಂತೆ ಹಿಂದೆ.

ಇಪ್ಪತ್ತಾರು ವರ್ಷದಿಂದ ಆ ಹೊತ್ತಿಗೆ ಬರುತ್ತಿದ್ದವರು ಮೇಷ್ಟ್ರು. ಹೆಸರು ಪರದೆಯ ಮೇಲೆ ಪ್ರತಿ ವಾರ ಮೂಡಿದರೂ ನಮಗೆ ಅವರು ಮೇಷ್ಟ್ರೇ. ಪೆಟ್ಟಿಗೆ, ಕಪಾಟು, ಮಂಚ, ಏನೇ ಆಗಲಿ, ವಾರಕ್ಕೊಂದು ಭಾಗ ಮಾಡಿ ತೋರಿಸುವರು. ನೋಡುವವರೂ ಆ ವಾರ ಅಷ್ಟನ್ನೇ ಮಾಡಬೇಕು. ಮುಂದಿನ ಅಳತೆಯನ್ನು ಎಷ್ಟು ಬೇಡಿದರೂ ಕೊಡುವವರಲ್ಲ. "ಮೊದಲು ಇದನ್ನ ಕೂರಿಸಿ, ಮಿಕ್ಕಿದ್ದು ಬರೋ ವಾರ" ಎಂದು ಕನ್ನಡಕ ತೆಗೆದರೆ ಅಂದಿನ ಪಾಠ ಮುಗಿದಂತೆ.

ಈ ಸಲ ಅವರು ಹಿಡಿದಿದ್ದು ಬೆನ್ನುನೋವಿನವರ ಕುರ್ಚಿ, ಎಂಟು ಕಂತಿನದು. ಆರು ಮುಗಿದಿದ್ದವು. ಏಳನೆಯದರಲ್ಲಿ ಹಿಂದಿನ ಎರಡು ಕಾಲು. ಬೆನ್ನು ಆನಿಸುವ ಹಲಗೆಯನ್ನೂ ಹೊರುವ ಉದ್ದನೆಯ ಕಾಲುಗಳು ಅವು. ಎಷ್ಟು ವಾಲಬೇಕೆಂಬುದೇ ಅದರ ಗುಟ್ಟು.

ಆ ದಿನ ಮೇಷ್ಟ್ರು ಬರಲಿಲ್ಲ. ಅವರದೊಂದು ಫೋಟೋ ಬಂತು, ಹಿಂದೆ ಪಿಟೀಲು, ಕೆಳಗೆ ಅಕ್ಷರ.

"ಅಯ್ಯೋ, ಹೋಗ್ಬಿಟ್ರಾ?" ಅಂಟಪ್ಪ ಎದ್ದು ನಿಂತ.

"ಪೂರ್ತಿ ಓದು. ಹೋಗಿಲ್ಲ, ಕಳಿಸಿದಾರೆ" ಎಂದ ಅಣ್ಣ.

ಇಪ್ಪತ್ತಾರು ವರ್ಷಗಳ ಯಶಸ್ವಿ ಪಯಣದ ನಂತರ ಕಾರ್ಯಕ್ರಮ ಮುಕ್ತಾಯಗೊಂಡಿದೆ, ನಿಮ್ಮ ಪ್ರೀತಿಗೆ ಧನ್ಯವಾದ. ಅಷ್ಟೇ. ಆಮೇಲೆ ಇಬ್ಬರು ಹುಡುಗಾಟದವರು ಬಂದು ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು, ಒಳಗಿದ್ದ ಮರಪುಡಿಯ ಸಿದ್ಧ ಹಲಗೆಗಳಿಗೆ ಒಂದು ಸಣ್ಣ ಚಾವಿ ತಿರುಗಿಸಿ ತಿರುಗಿಸಿ ಹನ್ನೊಂದು ನಿಮಿಷದಲ್ಲಿ ಮೇಜು ನಿಲ್ಲಿಸಿ ಅಂಗೈಗೆ ಅಂಗೈ ಬಡಿದುಕೊಂಡರು.

"ಅದು ಮರಾನೇನೋ? ಒಣಗಿಸಿದ ಗಂಜಿ!" ಅಣ್ಣ ಗಾಜಿನ ಬಾಗಿಲನ್ನು ಧಡ್ಡನೆ ಮುಚ್ಚಿದ.

ನನಗೂ ಮೈ ಉರಿಯಿತು. ನಮ್ಮ ಅಮ್ಮ ಸಂಜೆ ಹೊತ್ತು ಪದ್ಯ ಓದುತ್ತಿದ್ದರು. ಬಾಗಿಲಲ್ಲಿ ಯಾರೇ ಬಂದು ನಿಂತಿರಲಿ, ಒಲೆಯ ಮೇಲೆ ಏನೇ ಸೀಯುತ್ತಿರಲಿ, ಹಿಡಿದ ಪದ್ಯ ಮುಗಿಸಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡೇ ಏಳುವರು. ಕೇಳುವವರು ಕೂತಿದ್ದಾರೆಂಬ ಎಚ್ಚರ ಅದು. ಆರು ವಾರ ಕೂರಿಸಿ, ಮರ ಕೊಯ್ಯಿಸಿ, ವಾಹಿನಿಯವರು ನಡುವೆ ಎದ್ದು ಹೋಗುವುದೆಂದರೇನು? ಅದೂ ಮೇಷ್ಟ್ರ ಬಾಯಿಂದ ಒಂದು ಮಾತನ್ನೂ ಆಡಿಸದೆ?

ಆದರೆ ನಮ್ಮ ಸಿಟ್ಟಿಗೆ ಇನ್ನೊಂದು ಬುಡವಿತ್ತು. ಅತ್ತಿಗೆ ಹೋದ ವರ್ಷ ಮಹಡಿಯ ಮೆಟ್ಟಿಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ನಡೆಯುವರು, ಮಲಗುವರು. ಕೂತರೆ ಮಾತ್ರ ನಾಲ್ಕು ನಿಮಿಷಕ್ಕೆ ಮುಖ ಬೆವರುತ್ತಿತ್ತು. ಅಂದಿನಿಂದ ಅವರ ಊಟ ನಿಂತುಕೊಂಡೇ, ಗೋಡೆಗೆ ಭುಜ ಕೊಟ್ಟು, ತಟ್ಟೆ ಕೈಯಲ್ಲಿ. ನಾವು ಕೂತು ಉಣ್ಣುವಾಗ ಅವರನ್ನು ತಲೆಯೆತ್ತಿ ನೋಡಲು ಸಂಕೋಚವಾಗುತ್ತಿತ್ತು. ಅಣ್ಣ ತನ್ನ ಅಂದಾಜಿನಲ್ಲೇ ಒಂದು ಕುರ್ಚಿ ಮಾಡಿಕೊಟ್ಟಿದ್ದ. ಅದರಲ್ಲಿ ಒಂದು ಹೊತ್ತು ಕೂತು ಅತ್ತಿಗೆ ಎರಡು ದಿನ ಹಾಸಿಗೆ ಹಿಡಿದರು. ಬಾಗಿಲು, ಕಿಟಕಿ, ಕಪಾಟು ಎಂದು ಜೀವಮಾನವಿಡೀ ನೆಟ್ಟಗಿನ ಕೆಲಸ ಮಾಡಿದವನು ಅಣ್ಣ. ಆಮೇಲೆ ಅವನು ತನ್ನ ಕಣ್ಣನ್ನು ನಂಬುವುದನ್ನೇ ಬಿಟ್ಟ. ಮೇಷ್ಟ್ರು ಈ ಕುರ್ಚಿ ಶುರುಮಾಡಿದಾಗ, ಕೆಡವಿದ ಗ್ರಂಥಾಲಯವೊಂದರ ಮೆಟ್ಟಿಲಿನ ಹಲಗೆಗಳನ್ನು ಹುಡುಕಿ ತಂದು ಜೊತೆಜೊತೆಗೇ ಮಾಡತೊಡಗಿದ್ದ. ಈಗ ಉಳಿದಿದ್ದು ಒಂದೇ ಹಲಗೆ. ಅದರಲ್ಲಿ ಎರಡು ಕಾಲು ಮಾತ್ರ ಏಳುತ್ತವೆ. ತಪ್ಪಿದರೆ ಅಂಥ ಮರ ಇನ್ನಿಲ್ಲ.

ಸೋಮವಾರ ಅಣ್ಣ ವಾಹಿನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಆ ಕಡೆ ಜೇನಿನಂಥ ಹೆಣ್ಣು ದನಿ.

"ಏಳನೇ ಕಂತು ಯಾವಾಗಮ್ಮ?"

"ಅದು ಚಿತ್ರೀಕರಣ ಆಗಿಲ್ಲ ಸರ್. ಹಳೇ ಕಂತುಗಳು ನಮ್ಮ ಆ್ಯಪಲ್ಲಿವೆ."

"ಹಳೇದು ನಾನೇ ನಿಮಗೆ ಬಾಯಿಪಾಠ ಒಪ್ಪಿಸ್ತೀನಿ. ಮೇಷ್ಟ್ರ ನಂಬರಾದ್ರೂ ಕೊಡಿ."

"ಕೊಡೋ ಹಾಗಿಲ್ಲ ಸರ್. ನಿಮ್ಮ ಅಭಿಪ್ರಾಯ ಬರ್ಕೊಂಡಿದೀನಿ."

"ಅಭಿಪ್ರಾಯ ಯಾರಿಗೆ ಬೇಕು? ನನಗೆ ಕಾಲು ಬೇಕು! ಹಿಂದಿನ ಎರಡು ಕಾಲು!"

"ನೀವು ಹುಷಾರಾಗಿದೀರಾ ಸರ್?"

ಅಂಟಪ್ಪ ಬಾಯಿಗೆ ಟವೆಲು ಒತ್ತಿಕೊಂಡು ಹೊರಗೆ ಓಡಿದ. ಅಣ್ಣ ಫೋನಿಟ್ಟು, "ನಗು, ನಗು. ನಿನ್ನ ಮನೇಲಿ ಎಲ್ಲರೂ ಕೂತ್ಕೊಂಡು ಉಣ್ತಾರಲ್ಲ" ಎಂದ. ಅಂಟಪ್ಪನ ನಗು ಅಲ್ಲಿಗೇ ನಿಂತಿತು.

ಆ ಮಾತು ನಾಟಿರಬೇಕು. ಮಂಗಳವಾರ ಅವನೇ ಆರನೆಯ ಕಂತನ್ನು ಹುಡುಕಿ ಟೀವಿಗೆ ಹಾಕಿದ. "ನೋಡಿಲ್ಲಿ! ಮೇಷ್ಟ್ರ ಬೆನ್ನ ಹಿಂದೆ!"

ನಿಜ. ಅವರ ಹಿಂದೆ, ಕಿಟಕಿಯ ಬೆಳಕಿನಲ್ಲಿ, ಪೂರ್ತಿಯಾದ ಮಾದರಿ ಕುರ್ಚಿಯೇ ನಿಂತಿತ್ತು. ಅಣ್ಣ ಅಲ್ಲಿಗೇ ಚಿತ್ರ ನಿಲ್ಲಿಸಿ ಬೆವೆಲ್ ತಂದ. ಮರದ ಹಿಡಿಗೆ ಸಡಿಲವಾಗಿ ಸೇರಿಸಿದ ಉಕ್ಕಿನ ನಾಲಿಗೆ ಅದು. ಬೇಕಾದ ಓರೆಗೆ ತಿರುಗಿಸಿ ತಿರುಪು ಬಿಗಿದರೆ ಅದೇ ಓರೆಯನ್ನು ಹಲಗೆಯ ಮೇಲೆ ಗೀರಬಹುದು. ಹಿಡಿಯನ್ನು ಟೀವಿಯ ಅಂಚಿಗೆ ಒತ್ತಿ, ನಾಲಿಗೆಯನ್ನು ಕುರ್ಚಿಯ ಹಿಂಗಾಲಿಗೆ ಸರಿಯಾಗಿ ಕೂರಿಸಿ, ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದ.

"ಸಿಕ್ತು!"

"ತಡಿ, ಇನ್ನೊಂದು ಕಡೆ ಇನ್ನೂ ಚೆನ್ನಾಗಿ ಕಾಣತ್ತೆ" ಎಂದು ಅಂಟಪ್ಪ ಚಿತ್ರ ಮುಂದೋಡಿಸಿದ. ಅಲ್ಲಿ ಅಳೆದರೆ ಓರೆ ಬೇರೆ ಬಂತು.

"ನೀನು ಟೀವಿ ಅಲ್ಲಾಡಿಸಿದೆ."

"ನಾನ್ಯಾಕೆ ಅಲ್ಲಾಡಿಸ್ಲಿ? ನಿನ್ನ ಕೈಯೇ ನಡುಗ್ತಿದೆ. ಹೋಗ್ಲಿ, ಎರಡರ ನಡುವಿಂದು ಇಟ್ಕೋ. ಮಿಕ್ಕಿದ್ದು ಅಂಟು ನೋಡ್ಕೊಳ್ಳತ್ತೆ."

ಬೇರೆಯವರ ಕೆಲಸಕ್ಕಾಗಿದ್ದರೆ ಅಣ್ಣ ಇಂಥ ಸಲಹೆ ಕೊಟ್ಟವನನ್ನು ಹೊರಗೆ ಅಟ್ಟುತ್ತಿದ್ದ. ಅಂದು ತಲೆಯಾಡಿಸಿದ. ನಡುವಿನ ಓರೆ ಬಿಗಿದು, ಆ ಒಂದೇ ಹಲಗೆಯ ಮೇಲೆ ಗೆರೆ ಎಳೆದು, ಗರಗಸಕ್ಕೆ ಕೈ ಹಾಕಿದ.

ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. "ಅಣ್ಣ, ಕುರ್ಚಿಗೆ ನಾಲ್ಕೂ ಕಾಲು ಕಾಣ್ತಿವೆ" ಎಂದೆ.

"ಮತ್ತೆ? ಮೂರು ಕಾಣಬೇಕಿತ್ತಾ?"

"ನೇರ ಪಕ್ಕದಿಂದ ನೋಡಿದ್ರೆ ಎರಡೇ ಕಾಣ್ಬೇಕು. ಅದು ತಿರುಗಿ ನಿಂತಿದೆ. ತಿರುಗಿ ನಿಂತದ್ದರ ಓರೆ ಕಣ್ಣಿಗೆ ಕಡಿಮೆ ಕಾಣತ್ತೆ. ಕೊಯ್ದರೆ ಹೋದ ವರ್ಷದ ಕುರ್ಚೀನೇ ಆಗತ್ತೆ."

"ಇಪ್ಪತ್ತಾರು ವರ್ಷ ತುಟಿ ಬಿಚ್ಚದೆ ಕೂತಿದ್ದೋನಿಗೆ ಈಗ ಮಾತು ಬಂತಾ?" ಅಣ್ಣನ ಮುಖ ಕೆಂಪಗಾಯಿತು. "ಹಾಗಾದ್ರೆ ಎಷ್ಟು ಅಂತ ಹೇಳು! ಯಾರನ್ನ ಕೇಳ್ಲಿ ನಾನು?"

"ನನ್ನ ಕೇಳಿ."

ಬಾಗಿಲಲ್ಲಿ ಅತ್ತಿಗೆ. ಮೂರು ಲೋಟ ಟೀ ತಂದವರು ನಾವು ಟೀವಿಗೆ ಉಕ್ಕಿನ ನಾಲಿಗೆ ಒತ್ತಿದ್ದನ್ನೆಲ್ಲ ನೋಡಿದ್ದರು. ತಟ್ಟೆಯನ್ನು ಹಲಗೆಯ ಮೇಲೆಯೇ, ಆ ಗೆರೆಯ ಮೇಲೆಯೇ ಇಟ್ಟರು.

"ಇದು ಯಾರ ಬೆನ್ನಿನ ಅಳತೇರೀ?"

"ಮೇಷ್ಟ್ರ ಕುರ್ಚಿದು."

"ಮೇಷ್ಟ್ರ ಸೊಂಟ ನಂದಾ? ಹೋದ ಸಲ ನಿಮ್ಮ ತಲೇಲಿರೋದನ್ನ ಅಳೆದ್ರಿ. ಈ ಸಲ ಟೀವಿ ಗಾಜು ಅಳೀತಿದೀರಿ. ವಾರವಾರ ಆ ಮನುಷ್ಯ ಹೇಳಿದ್ದನ್ನೆಲ್ಲ ಕೇಳಿದ್ರಿ, ಬೇಡ ಅನ್ನಲ್ಲ. ಈ ಆರು ವಾರದಲ್ಲಿ ಒಂದು ದಿನ, ಒಂದೇ ಒಂದು ದಿನ, 'ಎಲ್ಲಿ ನೋಯತ್ತೆ, ಎಷ್ಟು ವಾಲಿದ್ರೆ ಹಗುರಾಗತ್ತೆ' ಅಂತ ಕೇಳಿದೀರಾ? ನಾನು ಪಕ್ಕದ ಮನೇಲಿದ್ನಾ?"

ಅಂಟಪ್ಪ ತನ್ನ ಲೋಟ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕುಡಿಯತೊಡಗಿದ.

ಅಣ್ಣ ಗರಗಸ ಕೆಳಗಿಟ್ಟ. ಆಮೇಲೆ ಕುರ್ಚಿಯ ಆಸನವನ್ನು, ಆರು ವಾರದಲ್ಲಿ ಆದಷ್ಟನ್ನು, ನೆಲದ ನಡುವೆ ತಂದು ಹಿಂಬದಿಗೆ ಇಟ್ಟಿಗೆ ಕೊಟ್ಟ. ಮೇಲೆ ಒಂದು ದಪ್ಪ ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ನನ್ನನ್ನು ಹಿಂದಿನಿಂದ ಹಿಡಿಯಲು ಹೇಳಿದ. "ಕೂತ್ಕೋ" ಎಂದ. ದನಿ ತೀರಾ ತಗ್ಗಿತ್ತು.

ಅತ್ತಿಗೆ ಕೂತರು. ಅಣ್ಣ ಹಲಗೆಯ ಬುಡಕ್ಕೆ ಮರದ ಬೆಣೆ ಸೇರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. "ಈಗ?"

"ಇನ್ನೂ."

"ಈಗ?"

"ಸ್ವಲ್ಪ... ಅಯ್ಯೋ, ಜಾಸ್ತಿ ಆಯ್ತು. ಹಿಂದಕ್ಕೆ. ಹಾಂ."

ಆ 'ಹಾಂ' ಎನ್ನುವುದರೊಳಗೆ ಒಂದು ವರ್ಷದ ಉಸಿರಿತ್ತು. ಅಣ್ಣ ಬೆವೆಲ್ ತಂದು ಆಸನಕ್ಕೂ ಹಲಗೆಗೂ ನಡುವೆ ಹಿಡಿದು ತಿರುಪು ಬಿಗಿದ. ಟೀವಿಯಲ್ಲಿ ಅಳೆದದ್ದಕ್ಕೂ ಇದಕ್ಕೂ ಹೆಬ್ಬೆರಳಿನಷ್ಟು ಅಂತರ.

"ಕಾಲು ನೆಲಕ್ಕೆ ಎಟುಕ್ತಿಲ್ಲ" ಎಂದರು ಅತ್ತಿಗೆ. "ಅದಕ್ಕೇ ತೊಡೆ ಸೆಳೀತಿದೆ."

ಮುಂಗಾಲುಗಳ ತುದಿಯಲ್ಲಿ ಮೇಷ್ಟ್ರು ನಾಲ್ಕನೆಯ ಕಂತಿನಲ್ಲಿ ತೋರಿಸಿದ ಪಾದಗಳಿದ್ದವು. ಒಂದು ವಾರವಿಡೀ ಅಣ್ಣ ಉಳಿಯಲ್ಲಿ ಕೆತ್ತಿದ್ದ ದುಂಡನೆಯ ಪಾದಗಳು. ಬಂದ ಗಿರಾಕಿಗಳಿಗೆಲ್ಲ ಅವನ್ನು ಮುಟ್ಟಿಸಿ ತೋರಿಸಿದ್ದ.

"ಎಷ್ಟು ಬೆರಳು?" ಎಂದು ಕೇಳಿದ.

"ಎರಡು."

"ಪಾದಾನೇ ಹೋಗತ್ತಲ್ಲೋ!" ಅಂಟಪ್ಪ ತಿರುಗಿದ. "ಇಪ್ಪತ್ತಾರು ವರ್ಷದಲ್ಲಿ ಅಂಥ ಪಾದ..."

"ಕುರ್ಚಿಗೆ ಪಾದ ಇಲ್ದಿದ್ರೆ ನಡೆಯತ್ತೆ" ಎಂದು ಅಣ್ಣ ಗರಗಸ ಎತ್ತಿಕೊಂಡ. ಎರಡೂ ಪಾದ ಕತ್ತರಿಸಿ ಬೀಳುವವರೆಗೆ ಕೈ ನಿಲ್ಲಿಸಲಿಲ್ಲ.

ಆ ಶನಿವಾರ ಕುರ್ಚಿ ಮುಗಿಯಿತು. ಭಾನುವಾರ ಹತ್ತು ಗಂಟೆಗೆ ಯಾರೂ ಟೀವಿ ಹಾಕಲಿಲ್ಲ. ಮಧ್ಯಾಹ್ನ ಅಂಟಪ್ಪನೂ ಊಟಕ್ಕೆ ಬಂದ. ಅತ್ತಿಗೆ ಕೂತರು. ನಾಲ್ಕು ನಿಮಿಷವಾಯಿತು, ಹತ್ತಾಯಿತು. ನಾವು ಮೂವರೂ ಊಟ ಮಾಡುವುದನ್ನು ಬಿಟ್ಟು ಅವರ ಹಣೆಯನ್ನೇ ನೋಡುತ್ತಿದ್ದೆವು.

"ಏನು ನೋಡ್ತೀರಾ? ಎದ್ದು ಬಡಿಸಿ. ನಾನಂತೂ ಇವತ್ತು ಏಳಲ್ಲ" ಎಂದರು ಅತ್ತಿಗೆ.

ಅಣ್ಣ ಎದ್ದು ಬಡಿಸಿದ. ಕೈ ತೊಳೆದ ಮೇಲೆ ನನ್ನ ಮುಂದೆ ಕಾಗದ ಪೆನ್ನು ಇಟ್ಟು, ವಾಹಿನಿಗೆ ಪತ್ರ ಬರೆಯಲು ಹೇಳಿದ. ಎರಡು ಪುಟ ತಾನೇ ಹೇಳಿ ಬರೆಸಿದ, ಮಾನ ಮರ್ಯಾದೆ ಎಂಬ ಮಾತು ಏಳು ಸಲ ಬಂತು. ಮೇಷ್ಟ್ರಿಗೆ ಒಂದು ಗಂಟೆ ಕೊಡಬೇಕು, ಅವರು ಕನ್ನಡಕ ತೆಗೆದು ತಾವೇ ಪಾಠ ಮುಗಿಸಬೇಕು, ಅಲ್ಲಿಯವರೆಗೆ ಆ ಹನ್ನೊಂದು ನಿಮಿಷದ ಮೇಜಿನವರ ಮುಖ ನೋಡುವುದಿಲ್ಲ.

"ಕೊನೇಲಿ, ಕುರ್ಚಿ ಚೆನ್ನಾಗಿ ಬಂತು ಅಂತ ಒಂದು ಸಾಲು ಸೇರಿಸ್ಲಾ?" ಎಂದು ಕೇಳಿದೆ.

"ಹುಚ್ಚಾ ನಿನಗೆ?" ಅಣ್ಣ ಪೆನ್ನನ್ನೇ ಕಿತ್ತುಕೊಂಡ. "ಅವರು ನಿಲ್ಲಿಸಿದ್ದೇ ಸರಿ ಅಂದ್ಕೋತಾರೆ!"