ಬ್ರೇಕ್ ಇಲ್ಲದ ಬದಿ

ಇಷ್ಟು ಚಿಕ್ಕದಾದರೂ ಹಿತ್ತಾಳೆಗೆ ಹಿತ್ತಾಳೆಯದೇ ವಾಸನೆ, ಪುಟ್ಟ ಮಾದರಿ ರೈಲುಗಳ ಅಂಗಡಿಯ ಮೊತೆಗಿಯಮ್ಮ ಗಾಜಿನ ಮೇಜಿನ ಮೇಲೆ ತಟ್ಟೆ ಸರಿಸಿದಾಗ ಮೊದಲು ಮೂಗಿಗೆ ತಾಕಿತು, ಆಮೇಲೆ ಕಣ್ಣಿಗೆ — ಚಿಲಕಗಳು, ಏಣಿಗಳು, ಅಕ್ಕಿಕಾಳಿಗಿಂತ ಸಣ್ಣ ಕೊಕ್ಕೆಗಳು, ಇವನ್ನು ಎರಕ ಹೊಯ್ಯುವವರ ಬೆರಳು ಹೇಗಿರಬಹುದು, ನನಗೆ ಬೇಕಾದದ್ದು ಒಂದೇ, ಗೂಡ್ಸ್ ಬಂಡಿಯ ಪಕ್ಕದಲ್ಲಿ ಉದ್ದಕ್ಕೆ ಚಾಚಿರುವ ಬ್ರೇಕಿನ ಸನ್ನೆಕೋಲು, ಕಾಲಿನಿಂದ ಮೆಟ್ಟುವಂಥದ್ದು. ನನ್ನ ಗಂಡ ಕೀಗೋ ಮಾಡಿದ ಪುಟ್ಟ ಬಂಡಿಗೆ ಒಂದು ಬದಿಯಲ್ಲಿ ಅದಿದೆ, ಇನ್ನೊಂದು ಬದಿ ಬೋಳು. ಅವನು ತೀರಿಕೊಂಡು ಏಳು ವಾರ, ನಲವತ್ತೊಂಬತ್ತನೆಯ ದಿನದ ಪೂಜೆಯೂ ಮುಗಿಯಿತು, ಅಳು ಬರಲಿಲ್ಲ, ಆ ಬೋಳು ಬದಿಯನ್ನು ಮಾತ್ರ ದಿನವೂ ನೋಡಿದೆ. ಭಾನುವಾರ ಅವನ ಮಾದರಿ ರೈಲು ಕ್ಲಬ್ಬಿನ ಪ್ರದರ್ಶನ, ಅವನ ಹೆಸರಿನ ಚೀಟಿಯೊಡನೆ ಅವನು ಮಾಡಿದ ಈ ಕೊನೆಯ ಬಂಡಿ ಇಡುತ್ತಾರೆ, ಅವನ ಗೆಳೆಯ ಕುರಿಹಾರಾ ಫೋನಿನಲ್ಲಿ, ಅರ್ಧಂಬರ್ಧ ಕೆಲಸ ಅವನಿಗೇ ಸೇರ್ತಿರ್ಲಿಲ್ಲ, ಆ ಬದೀನ ಗೋಡೆ ಕಡೆ ತಿರುಗಿಸಿ ಇಡ್ತೀವಿ ಬಿಡಿ ಅಂದ. ಬೇಡ, ನಾನೇ ಮುಗಿಸುತ್ತೇನೆ ಅಂದೆ, ಏಳು ವಾರದಲ್ಲಿ ನನಗೆ ಏನಾದರೂ ಬೇಕೆನಿಸಿದ್ದು ಅದೇ ಮೊದಲು. ಬರೀ ರಟ್ಟು ಆ ಬಂಡಿ, ಕತ್ತರಿಸಿ, ಮೆರುಗೆಣ್ಣೆ ಬಳಿದು, ಉಜ್ಜಿ, ಮತ್ತೆ ಬಳಿದು — ಎಷ್ಟನೇ ಸಲಕ್ಕೆ ಕಬ್ಬಿಣ ಆಗುತ್ತೆ ಅಂತ ಕೀಗೋನನ್ನು ಕೇಳಿದ್ದೆ, ನಾನು ಬಳಿದ್ರೆ ಏಳಕ್ಕೆ, ನೀನು ಬಳಿದ್ರೆ ರಟ್ಟಾಗೇ ಉಳಿಯುತ್ತೆ ಅಂದಿದ್ದ.

ಸಿಕ್ತು ನೋಡಿ, ಕೊನೇದು ಇದೊಂದೇ, ಮೊತೆಗಿಯಮ್ಮ ಚಿಮಟದಲ್ಲಿ ಎತ್ತಿ ಹಿಡಿದರು, ಸನ್ನೆ ಬೆಳಕಿನಲ್ಲಿ ನಡುಗಿತು, ಅಷ್ಟರಲ್ಲಿ ಮೂಲೆಯ ಸ್ಟೂಲಿನಿಂದ, ಯಾವ ಬಂಡಿಗೆ ತಾಯೀ ಅದು, ಎಂದರು ಉಬುಕಾತಾ ಅಜ್ಜ, ಸುಣ್ಣಕಲ್ಲಿನ ಗಣಿಯ ಯಾರ್ಡಿನಲ್ಲಿ ಮೂವತ್ತು ವರ್ಷ ಬಂಡಿ ಜೋಡಿಸಿದವರಂತೆ. ಇವರು ಕೊಳ್ಳೋದು ಏನೂ ಇಲ್ಲ, ನನ್ನ ಚಹಾ ಮುಗಿಸೋಕೆ ಬರ್ತಾರೆ, ಮೊತೆಗಿಯಮ್ಮ ಅಂದರು. ನಿನ್ನ ಚಹಾ ಕುಡಿಯೋಕೂ ಧೈರ್ಯ ಬೇಕಮ್ಮ, ಅಜ್ಜ ಅಂದರು. ನಾನು ಡಬ್ಬಿಯಿಂದ ಬಂಡಿ ತೆಗೆದಿಟ್ಟೆ. ಅಜ್ಜ ಬಗ್ಗಿದರು, ಅರೆ, ಇದು ನಮ್ಮ ಯಾರ್ಡಿಂದು, ನೀವು ಸೆರಿಜಾವಾ ಅವರ ಮನೆಯವರಾ, ನಿಜವಾದ ಬಂಡಿಯ ಫೋಟೋದಲ್ಲಿ ಒಂದೇ ಬದಿ ಇದೆ, ಇನ್ನೊಂದು ಹೇಗಿತ್ತು ಅಂತ ನನ್ನ ತಲೆ ತಿಂದಿದ್ರು ಅವರು. ಹೇಗಿತ್ತು, ನಾನು ಕೇಳಿದೆ, ನನ್ನ ದನಿ ನನಗೇ ಹೊಸದಾಗಿತ್ತು. ಬಾಯಿಗೆ ನೆನಪಿಲ್ಲ, ಕಾಲಿಗಿದೆ, ತಡೀರಿ, ಎಂದು ಎದ್ದರು, ಮೇಜಿನ ಅಂಚನ್ನು ಬಂಡಿಯ ಹಿಡಿಯಂತೆ ಹಿಡಿದರು, ನಿಂತಲ್ಲೇ ಓಡಿದರು, ಹುಷಾರು, ಅಜ್ಜ ಬೇರೆ ಸಿಗ್ತಾರೆ, ಗಾಜು ಸಿಗಲ್ಲ, ಮೊತೆಗಿಯಮ್ಮ ಕೂಗಿದರು, ಅಜ್ಜನ ಬಲಗಾಲು ದಪ್ಪೆಂದು ಇಳಿಯಿತು, ಇಲ್ಲಿ, ಮೈಭಾರ ಹಾಕಿ ಮೆಟ್ಟಿದ್ರೆ ಬಂಡಿ ನಿಲ್ತಿತ್ತು. ಆಮೇಲೆ ಮೇಜಿನ ಆಚೆ ಬದಿಗೆ ಹೋಗಿ ಓಡಿದರು, ಕಾಲು ಎತ್ತಿದರು, ಕಾಲು ಅಲ್ಲೇ ನಿಂತಿತು, ಗಾಳಿಯಲ್ಲಿ, ಸವೆದ ಚಪ್ಪಲಿಯ ಅಡಿ ಕಾಣುವಂತೆ. ಇಲ್ಲ, ಈ ಕಡೆ ಇರ್ಲೇ ಇಲ್ಲ. ಈ ಕಡೆ ಸಿಕ್ಕಿಕೊಂಡವನು ಬಂಡಿ ಜೊತೆಗೆ ಓಡ್ಬೇಕು, ಅಷ್ಟೇ. ನಿಮ್ಮವರಿಗೂ ಇದನ್ನೇ ತೋರಿಸಿದ್ದೆ, ನಗ್ತಾ ಬರ್ಕೊಂಡ್ರು. ಹಾಗಾದ್ರೆ ಬೇಡ್ವಾ ಇದು, ಮೊತೆಗಿಯಮ್ಮ ಕೇಳಿದರು, ಬೇಡ ಅಂದೆ, ಸನ್ನೆ ತಟ್ಟೆಗೆ ಮರಳಿತು.

ಈಗ ರೈಲಿನಲ್ಲಿ ತೊಡೆಯ ಮೇಲೆ ಡಬ್ಬಿ, ಅಂದರೆ ಬಂಡಿ ಮುಗಿದಿತ್ತು, ಅವನು ಮುಗಿಸಿದ್ದ, ಒಂದು ಸಂಜೆ ಅನ್ನದ ಬಟ್ಟಲ ಪಕ್ಕ ತಂದಿಟ್ಟು ನೋಡು ಅಂದಿದ್ದ, ನಾನು ತಿರುಗಿಸಿ, ಇನ್ನೊಂದು ಬದಿ ಯಾವಾಗ ಅಂದಿದ್ದೆ, ಅವನು ನಕ್ಕಿದ್ದ, ನಾನಾಗಿ ಕಂಡುಕೊಳ್ಳಲಿ ಎಂದೇ ಇರಬೇಕು, ಕಂಡುಕೊಂಡೆ ಕೀಗೋ, ನಾನು ಮಾಡಲು ನೀನು ಏನನ್ನೂ ಉಳಿಸಿಲ್ಲ. ನಿಲ್ದಾಣದಿಂದಲೇ ಕುರಿಹಾರಾಗೆ ಫೋನ್ ಮಾಡುತ್ತೇನೆ, ಬೋಳು ಬದಿ ಜನರ ಕಡೆಗಿರಲಿ, ಬ್ರೇಕ್ ಹಾಕೋದು ಮರೆತಿದ್ದಾನೆ ಅಂತಾರೆ ಎಲ್ರೂ ಅನ್ನುತ್ತಾನೆ, ಅನ್ನಲಿ, ಒಬ್ಬರಾದರೂ ಯಾಕೆ ಎಂದು ಕೇಳಿಯಾರು, ಆಗ ಹೇಳುತ್ತೇನೆ, ಹೇಳಲಾಗದಿದ್ದರೆ ಮೇಜು ಹಿಡಿದು ಓಡಿ ತೋರಿಸುತ್ತೇನೆ, ಹೀಗೆ, ಕಾಲು ಎತ್ತಿ — ರೈಲು ಬ್ರೇಕ್ ಹಾಕುತ್ತಿದೆ, ಎಲ್ಲರೂ ಮುಂದಕ್ಕೆ ವಾಲುತ್ತಿದ್ದಾರೆ, ಮತ್ತೆ ಆ ಕಾಲು, ಗಾಳಿಯಲ್ಲಿ, ಮೆಟ್ಟಲು ಏನೂ ಇಲ್ಲದೆ, ಈ ಕಡೆ ಸಿಕ್ಕಿಕೊಂಡವಳದು, ಆ ಕಾಲು…