ಮೈಸೂರಿಗೆ ನೇರ ಲೈನು

ಯಜಮಾನರು ತೀರಿಕೊಂಡ ಸುದ್ದಿ ನನಗೂ ನಮ್ಮ ಬಿಲ್ಡಿಂಗಿಗೂ ಒಟ್ಟಿಗೆ ತಿಳಿಯಿತು. ಪರಊರಿನಿಂದ ಆಪರೇಟರು ಜೋಡಿಸಿ ಕೊಡುವ ಟ್ರಂಕ್ ಕಾಲಿನಲ್ಲಿ ಮೆಲ್ಲಗೆ ಮಾತನಾಡಿದರೆ ಆ ಕಡೆಗೆ ಕೇಳುವುದಿಲ್ಲ. ನನ್ನ ಮಗ ಕಿಟ್ಟು ಕೂಗಿಯೇ ಮಾತನಾಡಿದ.

"ಯಾರು, ಚಿಕ್ಕಪ್ಪಾನಾ? ಜೋರಾಗಿ ಹೇಳಿ. ಅಪ್ಪಂಗೇನಾಯ್ತು?"

ಆಮೇಲೆ, "ಯಾವಾಗ ಹೋದ್ರು?" ಎಂದ. ಅದನ್ನೂ ಕೂಗಿಯೇ ಕೇಳಬೇಕಾಯಿತು. ಈ ಮಹಾನಗರದ ಆಂಟಾಪ್ ಹಿಲ್ಲಿನ ನಮ್ಮ ಮನೆಗಳ ಗೋಡೆ ತೆಳು. ಅವನು ರಿಸೀವರ್ ಇಡುವಷ್ಟರಲ್ಲಿ ಕೆಳಗಿನ ಮನೆಯ ಲಕ್ಷ್ಮವ್ವ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದುಕೊಂಡಿದ್ದಳು.

ನನ್ನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಪೊರೆ ತೆಗೆಸಿಕೊಂಡು ಮಲಗಿದ್ದೆ. ಅಳಬಾರದು, ಅಲುಗಾಡಬಾರದು ಎಂದು ಡಾಕ್ಟರು ಹೇಳಿದ್ದರು. ಆ ಕಾರಣದಿಂದಲೇ ನಾನು ಯಜಮಾನರ ಜೊತೆಗೆ ಮೈಸೂರಿಗೆ ಹೋಗಿರಲಿಲ್ಲ. ನಮ್ಮ ಮಾವನವರ ಶ್ರಾದ್ಧವನ್ನು ಅಣ್ಣತಮ್ಮಂದಿರು ಪ್ರತಿ ವರ್ಷ ಮೈಸೂರಿನಲ್ಲಿ, ನನ್ನ ಮೈದುನ ನಾಣಿಯ ಮನೆಯಲ್ಲಿ, ಕೂಡಿ ಮಾಡುತ್ತಿದ್ದರು. ಶ್ರಾದ್ಧ ಚೆನ್ನಾಗಿ ನಡೆಯಿತಂತೆ. ಮರುದಿನ ಬೆಳಿಗ್ಗೆ ಇವರು ಹೋಗಿಬಿಟ್ಟರು. ಕಿಟ್ಟು ಸಿಕ್ಕ ವಿಮಾನ ಹಿಡಿದು ಹೋಗಿ ಕರ್ಮಗಳನ್ನೆಲ್ಲ ಮುಗಿಸಿ ಬಂದ. ನಾನು ಕಣ್ಣುಕಟ್ಟಿಕೊಂಡು ಇಲ್ಲೇ ಉಳಿದೆ. ಅವರ ಮುಖ ನೋಡಲಿಲ್ಲ.

ಹೇಗೆ ಹೋದರು ಎಂದು ಕೇಳಿದೆ.

"ಶಾಂತವಾಗಿ ಹೋದ್ರಮ್ಮ. ಬಾಯಿಗೆ ಗಂಗೋದಕ ಬಿಟ್ರು," ಎಂದ ಕಿಟ್ಟು.

"ಯಾರು ಬಿಟ್ಟರು?"

"ಅಲ್ಲಿದ್ದೋರು ಬಿಟ್ರು. ಚಿಕ್ಕಪ್ಪ ಹೇಳಿದ್ರು."

ನಗರದ ಇನ್ನೊಂದು ಕಡೆಯ ಭಾಂಡುಪಿನಿಂದ ಯಜಮಾನರ ಅಕ್ಕ ಪಂಕಜಕ್ಕ ಬಂದು ಅದೇ ಮಾತು ಹೇಳಿದರು. ಊರಿನಿಂದ ಬಂದ ಕಾಗದಗಳಲ್ಲಿಯೂ ಅದೇ ಇತ್ತು. ಒಬ್ಬರ ಸಾವನ್ನು ಇಷ್ಟು ಜನ ಒಂದಕ್ಷರ ಬದಲಿಸದೆ ಹೇಳಿದರೆ ಅದನ್ನು ಯಾರೂ ಕಣ್ಣಾರೆ ನೋಡಿಲ್ಲವೆಂದೇ ಅರ್ಥ. ಸೂತಕದ ಮನೆಯಲ್ಲಿ ಹೆಂಗಸರಿಗೆ ಹೇಳಲೆಂದೇ ಇಂಥ ಮಾತುಗಳನ್ನು ನಮ್ಮವರು ಇಟ್ಟುಕೊಂಡಿರುತ್ತಾರೆ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೈಸೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿದೆ. ಮಧ್ಯಾಹ್ನವೆಲ್ಲ ಕಾದ ಮೇಲೆ ಫೋನು ಗಂಟೆ ಹೊಡೆಯಿತು. ನಾಣಿ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ನೀಲಾವತಿ ಸಿಕ್ಕಳು. ಅವಳು ಅತ್ತು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಹೊತ್ತೆಲ್ಲ ಕಳೆಯಿತು. "ಅಕ್ಕಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಅವತ್ತು ಬೆಳಿಗ್ಗೆ ಭಾವನೋರು..." ಎಂದಳು. ಮೂರು ನಿಮಿಷ ಮುಗಿಯಿತೆಂದು ಆಪರೇಟರು ಲೈನು ಕತ್ತರಿಸಿದಳು.

ಮತ್ತೆ ಬುಕ್ ಮಾಡಿಸಿದಾಗ ನಾಣಿಯೇ ಫೋನು ಹಿಡಿದ. "ಎಲ್ಲ ಶಾಂತವಾಗಿ ಆಯ್ತು ಅತ್ತಿಗೆ. ಗಂಗೋದಕ ಬಿಟ್ವಿ," ಎಂದ. ನೀಲಾವತಿಗೆ ಕೊಡು ಎಂದರೆ ಅವಳು ನೀರು ತರಲು ಹೋಗಿದ್ದಾಳೆ ಎಂದ. ಮುಂದಿನ ಸಲವೂ ನೀರು ತರಲು ಹೋಗಿದ್ದಳು.

ಆ ದಿನಗಳಲ್ಲಿಯೇ ಫೋನನ್ನು ಯಜಮಾನರ ಹೆಸರಿನಿಂದ ಬದಲಾಯಿಸಬೇಕಾಗಿ ಬಂತು. ಈಗಿರುವಂತೆ ಇರಲಿಯೋ, ಎಸ್‌ಟಿಡಿ ತೆರೆಸುವಿರೋ ಎಂದು ಫೋನಿನ ಕಚೇರಿಯಲ್ಲಿ ಕೇಳಿದ್ದರು. ಎಸ್‌ಟಿಡಿ ಇದ್ದರೆ ಆಪರೇಟರ ಹಂಗಿಲ್ಲ, ಬೇಕಾದಷ್ಟು ಹೊತ್ತು ಮಾತನಾಡಬಹುದು.

"ಎಸ್‌ಟಿಡಿ ತೆರೆಸು," ಎಂದೆ.

"ಅಮ್ಮ, ಬಿಲ್ ನೋಡಿದೀಯಾ? ಊರಿಗೆ ಫೋನ್ ಮಾಡೋಕೆ ಪೂರಾ ಬಿಲ್ಡಿಂಗ್ ಬಂದು ನಿಲ್ಲುತ್ತೆ. ಬೇಕಾದ್ರೆ ಅರ್ಜೆಂಟ್ ಕಾಲ್ ಬುಕ್ ಮಾಡೋಣ."

"ಅರ್ಜೆಂಟ್ ಅಂದ್ರೆ ಬೇಗ ಬರುತ್ತೆ. ಬೇಗ ಬಂದು ಮೂರೇ ನಿಮಿಷಕ್ಕೆ ಸಾಯುತ್ತೆ."

"ನೀಚೆ ರಸ್ತೇಲಿ ಫೋನ್ ಬೂತ್ ಇದೆಯಲ್ಲ."

"ವರ್ಷ ತುಂಬೋವರೆಗೆ ಹೊಸಿಲು ದಾಟಬೇಡ ಅಂತ ನೀವೇ ಕೂರಿಸಿದೀರಿ. ದಾಟಿದರೂ, ಹಿಂದೆ ಹತ್ತು ಜನರನ್ನ ಕ್ಯೂ ನಿಲ್ಲಿಸಿಕೊಂಡು ಕೇಳೋ ಮಾತಲ್ಲ ಅದು."

ಪಂಕಜಕ್ಕ ಅವರೆಕಾಳು ಸುಲಿಯುತ್ತ ಕುಳಿತಿದ್ದರು. ಅವರ ಚಿಂತೆ ಬೇರೆ. "ಸುಮಿತ್ರಾ, ನಿಷ್ಠುರ ಅಂತ ತಿಳ್ಕೋಬೇಡ. ಕಿಟ್ಟೂಗೆ ಹೆಣ್ಣು ನೋಡ್ಬೇಕು. ಅವರ ಕಡೆಯೋರು ಫೋನ್ ಮಾಡಿದಾಗ ಮೊದಲ ದನಿ ನಿಂದಾದ್ರೆ ಚೆನ್ನಾಗಿರೋಲ್ಲ. ಮುತ್ತೈದೆಯರು ಎತ್ತಬೇಕು. ನಿನಗೆ ಇನ್ನು ಫೋನ್ ಯಾಕೆ? ಜಪ ಮಾಡ್ಕೊಂಡಿರು."

ಜಪವನ್ನು ನಾನು ಯಾರಿಗಿಂತಲೂ ಕಡಿಮೆ ಮಾಡಿದವಳಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಶ್ರೀಕಂಠೇಶ್ವರನಿಗೆ ದೀಪ ಹಚ್ಚದೆ ಬಾಯಿಗೆ ನೀರು ಮುಟ್ಟಿಸಿದ್ದಿಲ್ಲ. ಆದರೆ ಈ ಬಿಲ್ಡಿಂಗಿಗೆ ಬಂದ ಪ್ರತಿ ಫೋನನ್ನೂ ಎತ್ತಿದವಳು ನಾನೇ. ಲಕ್ಷ್ಮವ್ವನ ಮಗಳು ಹೆತ್ತ ಸುದ್ದಿಯನ್ನು ಮೊದಲು ಕೇಳಿದ್ದು ಈ ಕಿವಿ. ಯಜಮಾನರಿದ್ದಾಗ ಮಂಗಳವಾಗಿದ್ದ ದನಿ ಅವರು ಹೋದ ಬೆಳಿಗ್ಗೆ ಹೇಗೆ ಕೆಟ್ಟಿತು?

"ನನ್ನ ಹಲೋ ಕೇಳಿ ಹೆದರಿ ಓಡುವ ಹುಡುಗಿ ಈ ಮನೆಗೆ ಬೇಡ ಅಕ್ಕ. ಬೇಗ ಗೊತ್ತಾದರೆ ಒಳ್ಳೆಯದೇ," ಎಂದೆ.

ಹಾಲಿಗೆ ಹೆಪ್ಪು ಕೇಳಲು ಬಂದಿದ್ದ ಲಕ್ಷ್ಮವ್ವ ಬಾಗಿಲಲ್ಲಿ ನಿಂತು ನಕ್ಕಳು. "ಹೌದಲ್ರೀ ಮತ್ತ. ನಮ್ಮತ್ತಿ ಮುತ್ತೈದಿನೇ ಇದ್ದಳ್ರಿ. ಆಕಿ ದನಿ ಕೇಳಿದ್ರ ಎಮ್ಮಿ ಹಾಲು ಕೊಡ್ತಿದ್ದಿಲ್ಲ."

ಪಂಕಜಕ್ಕ ಅವಳತ್ತ ತಿರುಗಿ ನೋಡಲಿಲ್ಲ. ಕಿಟ್ಟು ಮುಖ ಪಕ್ಕಕ್ಕೆ ತಿರುಗಿಸಿ ನಕ್ಕ. ಕೊನೆಗೆ, "ತೆರೆಸೋಣ. ಆದರೆ ಡಯಲ್‌ಗೆ ಲಾಕ್ ಹಾಕ್ತೀನಿ, ಕೀ ನನ್ನ ಹತ್ರ," ಎಂದ.

"ನಿಮ್ಮಪ್ಪ ನನ್ನಿಂದ ಸಕ್ಕರೆ ಡಬ್ಬಿಯನ್ನೂ ಮುಚ್ಚಿಟ್ಟವರಲ್ಲ. ಲಾಕು ಅಂಗಡಿಯಲ್ಲೇ ಇರಲಿ. ಫೋನು ನನ್ನ ಹೆಸರಿಗೆ ಬರಲಿ. ಎಲ್ಲಿ ಸಹಿ ಹಾಕಬೇಕೋ ತೋರಿಸು."

ಅವನು ಪೆನ್ನು ತೆಗೆದುಕೊಟ್ಟ.

ಲೈನು ತೆರೆದದ್ದು ಒಂದು ಸೋಮವಾರ. ಪೂಜೆ ಮುಗಿಸಿ, ನಾಣಿ ಬ್ಯಾಂಕಿಗೆ ಹೋಗಿರುವ ವೇಳೆ ನೋಡಿಕೊಂಡು ಕುಳಿತೆ. ಪಂಕಜಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೊದಲ ಸಲ ಅರ್ಧದಲ್ಲಿ ನಂಬರು ತಪ್ಪಿತು. ಎರಡನೆಯ ಸಲ ನಿಧಾನವಾಗಿ ಒಂದೊಂದೇ ಅಂಕೆ ತಿರುಗಿಸಿದೆ. ನಡುವೆ ಯಾರೂ ಬರಲಿಲ್ಲ. ಮೈಸೂರಿನಲ್ಲಿ ಗಂಟೆ ಹೊಡೆಯುವುದು ನನ್ನ ಕಿವಿಗೇ ಕೇಳಿಸಿತು.

"ನೀಲಾ, ಇದು ನೇರ ಲೈನು. ಯಾರೂ ಕತ್ತರಿಸೋಲ್ಲ. ಅವತ್ತು ಬೆಳಿಗ್ಗೆ ಏನಾಯ್ತು ಹೇಳು."

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ನಾನೂ ಅವಸರ ಮಾಡಲಿಲ್ಲ. ಟ್ರಂಕ್ ಕಾಲಿನಲ್ಲಿ ಹೀಗೆ ಸುಮ್ಮನಿರುವಂತಿರಲಿಲ್ಲ.

"ಗಂಗೋದಕ ಬಿಡಲಿಲ್ಲ ಅಕ್ಕ," ಎಂದಳು ಕೊನೆಗೆ. "ಬಿಡೋಕೆ ಹೊತ್ತೇ ಇರಲಿಲ್ಲ. ಹಿಂದಿನ ದಿನ ಶ್ರಾದ್ಧ, ರಾತ್ರಿ ಫಲಾಹಾರವೂ ಬೇಡ ಅಂದಿದ್ರು. ಬೆಳಿಗ್ಗೆ ಎದ್ದೋರೇ ಜಗಲಿ ಮೇಲೆ ಕೂತು, 'ನೀಲಾ, ಒಂದು ಲೋಟ ಕಾಫಿ ಕೊಡಮ್ಮ' ಅಂದ್ರು. ಸ್ನಾನ ಆಗಿಲ್ಲವಲ್ಲ ಭಾವ ಅಂದೆ. 'ದೇವರಿಗೆ ನಾನು ಹೇಳ್ಕೋತೀನಿ' ಅಂದ್ರು. ಕೊಟ್ಟೆ. ಅರ್ಧ ಕುಡಿದು, 'ಚೆನ್ನಾಗಿದೆ. ಸುಮಿತ್ರಾ ಇನ್ನೂ ಸ್ವಲ್ಪ ಗಟ್ಟಿ ಮಾಡ್ತಾಳೆ' ಅಂದ್ರು. ಲೋಟ ಕೆಳಗಿಟ್ಟು ಕಂಬಕ್ಕೆ ಒರಗಿದ್ರು. ಅಷ್ಟೆ. ಸ್ನಾನವಿಲ್ಲದೆ ಎಂಜಲು ಬಾಯಲ್ಲಿ ಹೋಗೋ ಹಾಗೆ ಮಾಡಿದೆ ಅಂತ ಇವರು ನನ್ನ ಜೊತೆ ಇವತ್ತಿಗೂ ಸರಿಯಾಗಿ ಮಾತಾಡೋಲ್ಲ. ನಿಮಗೆ ಹೇಳಕೂಡದು ಅಂತ ಕಟ್ಟಪ್ಪಣೆ."

ಡಾಕ್ಟರು ಬೇಡವೆಂದಿದ್ದ ಕಣ್ಣೀರು ಆಗ ಬಂತು. ತಡೆಯಲಿಲ್ಲ.

"ನೀಲಾ, ಕೇಳಿದ್ದನ್ನ ಕೊಟ್ಟೆ. ಹೆತ್ತ ಮಗಳೂ ಇದಕ್ಕಿಂತ ಹೆಚ್ಚು ಮಾಡೋಲ್ಲ. ನಾಣಿ ಬಂದ ಮೇಲೆ ನಾನೇ ಫೋನ್ ಮಾಡಿ ಹೇಳ್ತೀನಿ. ನೀನು ನೀರು ತರಲು ಹೋಗಬೇಡ, ಅಲ್ಲೇ ಇರು."

ಫೋನಿಟ್ಟು ತಿರುಗಿದೆ. ಗಂಗೋದಕ ಬಿಟ್ಟದ್ದು ಸುಳ್ಳೆಂದು ಪಂಕಜಕ್ಕನಿಗೆ ನನ್ನ ಮಾತಿನಿಂದಲೇ ತಿಳಿದಿತ್ತು. "ಈಗ ಕೇಳಿದೋರಿಗೆ ಏನು ಹೇಳ್ತೀಯೇ?" ಎಂದರು.

"ಕಾಫಿ ಕುಡಿದು ಹೋದರು ಅಂತ ಹೇಳ್ತೀನಿ. ನನ್ನ ಹೆಸರು ಹೇಳಿ ಹೋದರು ಅಂತಲೂ ಹೇಳ್ತೀನಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ನಾನು ದೇವರ ಮುಂದೆ ಕುಳಿತೆ.

ಶ್ರೀಕಂಠೇಶ್ವರಾ, ವಿಷವನ್ನೇ ಕುಡಿದು ಅರಗಿಸಿಕೊಂಡವನು ನೀನು. ಅರ್ಧ ಲೋಟ ಕಾಫಿಯನ್ನು ಲೆಕ್ಕಕ್ಕೆ ಹಿಡಿಯುವವನಲ್ಲ. ಸ್ನಾನವಿಲ್ಲದೆ ಬಂದರೆಂದು ಅವರನ್ನು ಬಾಗಿಲಲ್ಲಿ ನಿಲ್ಲಿಸಬೇಡ. ನಿಲ್ಲಿಸಿದ್ದರೆ ಈಗಲೇ ಒಳಗೆ ಕರೆದುಕೋ. ನಿನಗೆ ತಾವೇ ಹೇಳಿಕೊಳ್ಳುವುದಾಗಿ ಹೇಳಿದ್ದರು, ಆ ಮಾತನ್ನು ಕೇಳು. ಅವರಿಗೆ ಹಸಿವು ಬಾಯಾರಿಕೆ ಇಲ್ಲದಿರಲಿ, ಯಾರ ಚಿಂತೆಯೂ ಕಾಡದಿರಲಿ. ನಿನ್ನ ಪಾದದ ನೆರಳಿನಲ್ಲಿ ಅವರ ಜೀವ ತಣ್ಣಗಿರಲಿ.